ಮಾವನ ಕಾರಿನ ಬಿಳಿ ಹೊಗೆ

ಚಳಿಯ ಬೆಳಗ್ಗೆ ಯಾವ ಕಾರಿನ ಹಿಂದೆ ತುಸು ಬಿಳಿ ಹೊಗೆ ಬರುವುದಿಲ್ಲ ಹೇಳಿ? ಮನುಷ್ಯರ ಬಾಯಿಂದಲೇ ಬರುತ್ತದೆ. ಆದರೆ ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರಿಗೆ ಅದನ್ನು ಹೇಳುವವರು ಯಾರು? ಅವರು ಗೇಟಿನಲ್ಲಿ ನಿಂತು ಮೂಗರಳಿಸಿ, "ಹೆಡ್ ಗ್ಯಾಸ್ಕೆಟ್ ಹೋಯ್ತು!" ಎಂದು ಬೀದಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು.

ಕಾರಿನೊಳಗಿದ್ದ ಕನ್ನಡಕದಂಗಡಿಯವ ಬೆಚ್ಚಿ ಹಿಂದಿರುಗಿ ನೋಡಿದ. ಹದಿನೆಂಟು ವರ್ಷದ ಟರ್ಬೊ ಕಾರು ಅದು. ಗ್ಯಾಸ್ಕೆಟ್ ಎಂದರೆ ಇಂಜಿನ್ನಿನ ತಲೆಗೂ ಒಡಲಿಗೂ ನಡುವೆ ಕೂತಿರುವ ತೆಳ್ಳನೆಯ ತಗಡು. ಇಂಜಿನ್ ಅತಿಯಾಗಿ ಕಾದರೆ ಅದು ಸುಡುತ್ತದೆ, ಅದು ಸುಟ್ಟರೆ ಹಳೇ ಕಾರಿನ ಕಥೆ ಮುಗಿದಂತೆ. ಅದಕ್ಕೇ ಅವನು ಮೆಕ್ಯಾನಿಕ್ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಿದ್ದ. ಇಂಜಿನ್ ತಣ್ಣಗಿರುವಾಗ ಜೋರಾಗಿ ಓಡಿಸಿ ಹಿಂಸೆ ಕೊಡುತ್ತಿರಲಿಲ್ಲ. ಓಡಿ ಬಂದ ಮೇಲೆ, ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೊದ ಬಿಸಿ ಇಳಿಯಲೆಂದು ಎರಡು ನಿಮಿಷ ಇಂಜಿನ್ ಆರಿಸದೆ ಕೂತಿರುತ್ತಿದ್ದ. ಹೆಂಡತಿಗೆ ಹೆದರಿ ಮನೆಯೊಳಗೆ ಹೋಗುತ್ತಿಲ್ಲವೆಂದು ಬೀದಿಯವರು ತಿಳಿದುಕೊಂಡು, 'ಎರಡು ನಿಮಿಷ' ಎಂದೇ ಅವನಿಗೆ ಹೆಸರಿಟ್ಟಿದ್ದರು.

ಹೆಡ್‌ಮಾಸ್ತರರ ದನಿಗೆ, ಮಗಳ ಮನೆಗೆ ಬಂದಿದ್ದ ಮಾವ ಅರ್ಧ ಬೋಳಿಸಿದ ಗಡ್ಡದಲ್ಲೇ ಹೊರಗೆ ಬಂದರು. ಕಾರು ಎರಡು ವರ್ಷದ ಹಿಂದೆ ಅವರು ಕೊಟ್ಟದ್ದೇ. ಕಾಗದಪತ್ರ ಇನ್ನೂ ಅವರ ಹೆಸರಲ್ಲೇ ಇತ್ತು.

"ಏನಂತೆ ಅಳಿಯಂದ್ರೇ? ಗ್ಯಾಸ್ಕೆಟ್ ಹೋಯ್ತಂತಾ?"

"ಇಲ್ಲ ಮಾವ, ಚಳಿಗೆ ಬರೋ ಆವಿ ಅಷ್ಟೇ."

"ಮೇಷ್ಟ್ರು ಸುಳ್ಳು ಹೇಳ್ತಾರಾ? ನಡೀರಿ, ಮೆಕ್ಯಾನಿಕ್ ಹತ್ರ ತೋರಿಸೋಣ. ಹೋಗಿದೆ ಅಂದ್ರೆ ಇವತ್ತೇ ಗುಜರಿಗೆ. ಹೆಣ ಇಟ್ಕೊಂಡು ಪೂಜೆ ಮಾಡೋದು ಬೇಡ."

ಅಳಿಯ ಸ್ಟಿಯರಿಂಗ್ ಸವರಿದ. ಎರಡು ವರ್ಷ ಕೂಸಿನಂತೆ ಸಾಕಿದ ಕಾರು! ಅದು ಹೋದರೆ ಅಂಗಡಿಯ ಕನ್ನಡಕದ ಗಾಜಿನ ಪೆಟ್ಟಿಗೆಗಳನ್ನು ತಬ್ಬಿಕೊಂಡು ಎರಡೆರಡು ಬಸ್ ಹತ್ತಬೇಕು. ಹೊರಡುವ ಮುಂಚೆ, ಇಂಜಿನ್ ತಣ್ಣಗಿಡುವ ಕೂಲೆಂಟ್ ದ್ರವ ತುಸು ಸುರಿಯೋಣವೆಂದು ಬಾನೆಟ್ ಎತ್ತಿ, ಡಬ್ಬಿ ತರಲು ಒಳಗೆ ಹೋದ. ಬರುವಷ್ಟರಲ್ಲಿ ಹೆಡ್‌ಮಾಸ್ತರರು ಖಾಲಿ ಚೊಂಬು ಹಿಡಿದು ನಗುತ್ತಿದ್ದರು.

"ನಲ್ಲಿ ನೀರು ಹುಯ್ದೆ ಕಣಯ್ಯಾ. ಪಾಪ, ಬಾಯಾರಿತ್ತು."

"ಅಯ್ಯೋ ಮೇಷ್ಟ್ರೇ! ನಲ್ಲಿ ನೀರಿಗೆ ಒಳಗೆಲ್ಲ ತುಕ್ಕು ಹಿಡಿಯುತ್ತೆ!"

"ನಾನು ಎಪ್ಪತ್ತು ವರ್ಷದಿಂದ ಅದೇ ನೀರು ಕುಡೀತಿದ್ದೀನಿ. ನನಗೆಲ್ಲಿ ತುಕ್ಕು ಹಿಡಿದಿದೆ?"

ಮುಂದೆ ಮಾವ, ಹಿಂದೆ ಹೆಂಡತಿ, ಅವಳ ಪಕ್ಕದಲ್ಲಿ ಕರೆಯದೇ ಹತ್ತಿದ ಹೆಡ್‌ಮಾಸ್ತರರು, ಕಾರು ಹೊರಟಿತು.

ದೊಡ್ಡ ರಸ್ತೆ ಸೇರುವಷ್ಟರಲ್ಲಿ ಚಳಿ ಹೋಗಿ ಬಿಸಿಲೇರಿತ್ತು. ಮುಂದೆ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತು. ನಿಂತಲ್ಲೇ ನಿಂತು ನಿಂತು ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಅವನು ಥಟ್ಟನೆ ಹೀಟರ್ ಪೂರ್ತಿ ತಿರುಗಿಸಿದ. ಒಲೆಯ ಬಾಯಿ ತೆರೆದಂತೆ ಬಿಸಿಗಾಳಿ ನುಗ್ಗಿತು.

"ಏನ್ರೀ ಇದು! ಮೈಯೆಲ್ಲ ಬೇಯ್ತಿದೆ!" ಎಂದಳು ಹೆಂಡತಿ.

"ಇಂಜಿನ್ ಬಿಸೀನ ನಾವು ಹಂಚ್ಕೊಂಡ್ರೆ ಗ್ಯಾಸ್ಕೆಟ್ ಉಳಿಯುತ್ತೆ ಕಣೇ. ಸ್ವಲ್ಪ ಸಹಿಸ್ಕೋ."

"ನಿಮ್ಮ ಗ್ಯಾಸ್ಕೆಟ್‌ಗಿಂತ ಮುಂಚೆ ನಮ್ಮಪ್ಪ ಹೋಗ್ತಾರೆ!"

ಮಾವ ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿ, ತಲೆ ಕಿಟಕಿಯಿಂದಾಚೆ ಹಾಕಿದ್ದರು. ಅರ್ಧ ಗಡ್ಡದಲ್ಲಿ, ಬೆವರು ಸುರಿಸುತ್ತ ಬಾಯಿ ಬಿಡುತ್ತಿದ್ದ ಅವರನ್ನು ಕಂಡು ಟ್ರಾಫಿಕ್ ಪೊಲೀಸ್ ಓಡಿ ಬಂದ. "ಪೇಷೆಂಟಾ? ಬನ್ನಿ ಬನ್ನಿ!" ಎಂದು ಸೀಟಿ ಊದಿ, ಲಾರಿಯ ಪಕ್ಕದಿಂದ ದಾರಿ ಮಾಡಿಸಿ, ಆಸ್ಪತ್ರೆಯ ರಸ್ತೆಗೆ ತಿರುಗಿಸಿಬಿಟ್ಟ. ಇವನು ಬೇಡವೆಂದರೂ ಕೇಳಲಿಲ್ಲ. ಅಲ್ಲಿಂದ ಸುತ್ತಿ ಬಳಸಿ ಗ್ಯಾರೇಜು ಮುಟ್ಟುವಾಗ ಒಂದು ಗಂಟೆ ಹೆಚ್ಚಾಗಿತ್ತು. ಆದರೂ ಮುಳ್ಳು ಮಾತ್ರ ಕೆಂಪು ಗೆರೆ ದಾಟಿರಲಿಲ್ಲ.

ಮೆಕ್ಯಾನಿಕ್ ಇಂಜಿನ್ ಆರಲು ಬಿಟ್ಟು, ಆಮೇಲೆ ರೇಡಿಯೇಟರ್ ಬಾಯಿಗೆ ಒಂದು ಗಾಜಿನ ಕೊಳವೆ ಕೂರಿಸಿ ಅದರೊಳಗೆ ನೀಲಿ ದ್ರವ ಸುರಿದ. ಕಾರು ಮತ್ತೆ ಸ್ಟಾರ್ಟ್ ಆಯಿತು.

"ನೋಡ್ತಿರಿ. ಇಂಜಿನ್ ಹೊಗೆ ಸೋರಿ ನೀರಿಗೆ ಸೇರ್ತಿದ್ರೆ ಇದು ಹಳದಿ ಆಗುತ್ತೆ, ಆಗ ಗ್ಯಾಸ್ಕೆಟ್ ಹೋಗಿದೆ ಅಂತ. ನೀಲಿ ಉಳಿದ್ರೆ ಗಟ್ಟಿ."

ನಾಲ್ಕು ತಲೆ ಬಾನೆಟ್ಟಿನ ಮೇಲೆ ಬಾಗಿದವು. ಕನ್ನಡಕದಂಗಡಿಯವ ಕೈಮುಗಿದ. ದೇವರೇ, ಇದೊಂದು ಸಲ ಕಾಪಾಡಪ್ಪ!

"ಹಳದಿ ಆಗ್ತಿದೆ!" ಎಂದು ಹೆಡ್‌ಮಾಸ್ತರರು ಚೀರಿದರು.

"ಮೇಷ್ಟ್ರೇ, ಮೊದ್ಲು ಆ ಹಳದಿ ಗಾಜಿನ ಬಿಸಿಲಿನ ಕನ್ನಡಕ ತೆಗೀರಿ!"

"ನೀನೇ ಮಾರಿದ್ದಲ್ವೇನಯ್ಯಾ?" ಎಂದು ಗೊಣಗುತ್ತ ತೆಗೆದರು. ದ್ರವ ನೀಲಿಯಾಗಿಯೇ ಇತ್ತು. ಐದು ನಿಮಿಷ ಕಳೆದರೂ ನೀಲಿಯೇ.

"ಹೊಸ ಕಾರಲ್ಲೂ ಇಷ್ಟು ಒಳ್ಳೇ ಗ್ಯಾಸ್ಕೆಟ್ ಇರಲ್ಲ," ಎಂದ ಮೆಕ್ಯಾನಿಕ್. "ನಲ್ಲಿ ನೀರು ತೆಗೆದು ಕೂಲೆಂಟ್ ತುಂಬ್ತೀನಿ. ಇನ್ನೂ ಹತ್ತು ವರ್ಷ ನಿಶ್ಚಿಂತೆ."

ಕನ್ನಡಕದಂಗಡಿಯವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೆಂಡತಿ ಕೂಡ, "ಇವರು ಹಿಡಿದ ಕೆಲ್ಸ ಬಿಡೋರಲ್ಲ," ಎಂದು ಹೆಮ್ಮೆಯಿಂದ ನಕ್ಕಳು. ಮಾವ ಗುಂಡಿ ಹಾಕಿಕೊಳ್ಳುತ್ತ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾಗಿಲು ತೆರೆದು ಮುಚ್ಚಿದರು. ಆಮೇಲೆ ಅಳಿಯನ ಮುಂದೆ ಕೈ ಚಾಚಿದರು.

"ಕೀ ಕೊಡಿ."

"ಯಾಕೆ ಮಾವ?"

"ಇವತ್ತೋ ನಾಳೆಯೋ ಅಂತಿತ್ತು, ಅದಕ್ಕೇ ನಿಮಗೆ ಕೊಟ್ಟೆ. ಹತ್ತು ವರ್ಷ ಬಾಳೋ ಕಾರನ್ನ ಯಾರಾದ್ರೂ ಸುಮ್ನೆ ಕೊಡ್ತಾರಾ?"

"ಮಾವ! ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದೀನಿ!"

"ನನಗೆ ಗೊತ್ತಿಲ್ವಾ? ನಿಮ್ಮಂಥ ಅಳಿಯ ಪುಣ್ಯ ಮಾಡಿದ್ರೆ ಸಿಗೋದು." ಮಾವ ಅವನ ಬೆನ್ನು ತಟ್ಟಿ, ಕೀ ಕಿತ್ತುಕೊಂಡು ಒಳಗೆ ಕೂತರು. "ಬೇಜಾರು ಮಾಡ್ಕೋಬೇಡಿ. ಮನೇಲಿ ನನ್ನ ಸ್ಕೂಟರ್ ಒಂದಿದೆ, ಅದೂ ಇವತ್ತೋ ನಾಳೆಯೋ ಅಂತಿದೆ. ನಾಳೆ ಕಳಿಸ್ಕೊಡ್ತೀನಿ, ಚೆನ್ನಾಗಿ ನೋಡ್ಕೊಳ್ಳಿ."