ಕಂಪ್ಯೂಟರನ್ನು ಬಿಸಿಲಿಗೆ ಹಿಡಿದದ್ದು

ಸೀರೆ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಮೊಳಕಾಲ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಇಂಥ ನನಗೆ ಒಂದು ಕಂಪ್ಯೂಟರ್ ಆರಿಸುವುದು ಯಾವ ಮಹಾ ಕೆಲಸ? ಎರಡಕ್ಕೂ ಅಂಗಡಿಗೆ ಹೋಗಬೇಕು, ಎರಡನ್ನೂ ಕೆಳಗಿಳಿಸಿ ತೋರಿಸಿ ಎನ್ನಬೇಕು, ಎರಡಕ್ಕೂ ಗಂಡ ಹಿಂದೆ ನಿಂತು ಆಕಳಿಸಬೇಕು. ಆದ್ದರಿಂದ ಎರಡು ಸಾವಿರದ ಒಂದನೇ ಇಸವಿಯ ಒಂದು ಶನಿವಾರ, "ಕಂಪ್ಯೂಟರ್ ನಾನೇ ಆರಿಸ್ತೀನಿ, ಯಾರೂ ಬಾಯಿ ಹಾಕಕೂಡದು" ಎಂದು ಮನೆಯಲ್ಲಿ ಘೋಷಿಸಿದೆ. ಯಾರೂ ಎಂದರೆ ನಮ್ಮ ಯಜಮಾನರು ಜಂಬುಲಿಂಗಪ್ಪನವರೊಬ್ಬರೇ.

"ಬಾಯಿ ಯಾಕೆ ಹಾಕ್ಲಿ? ನಾನು ಜೇಬಿಗೆ ಕೈ ಹಾಕಿದ್ರೆ ಸಾಕಲ್ಲ ನಿಂಗೆ" ಎಂದರು ಅವರು.

ಕಂಪ್ಯೂಟರ್ ಶೋಕಿಗಲ್ಲ. ನಾನು ರೇಷ್ಮೆ ಸೀರೆಯ ಸೆರಗಿಗೆ, ಅಂಚಿಗೆ ಡಿಸೈನ್ ಬರೆಯುವವಳು. ಗ್ರಾಫ್ ಹಾಳೆಯ ಚೌಕಗಳಿಗೆ ಬಣ್ಣ ತುಂಬಿ ತುಂಬಿ ನನ್ನ ಕಣ್ಣುಗಳೇ ಚೌಕವಾಗುತ್ತ ಬಂದಿದ್ದವು. ಅಷ್ಟರಲ್ಲಿ ನಮ್ಮೂರ ಸೀರೆ ವ್ಯಾಪಾರಿ ಹೊನ್ನೂರಸ್ವಾಮಿಯವರು ಬಂದರು. ಬಳ್ಳಾರಿಯ ಮದುವೆ ಮನೆಯೊಂದರ ಹೆಂಗಸರಿಗೆಲ್ಲ ಒಂದೇ ಥರದ ಸೀರೆ ಬೇಕಂತೆ. ನೇರಳೆ ಸೆರಗು. ಡಿಸೈನನ್ನು ಬಣ್ಣದ ಸಮೇತ ಸೋಮವಾರ ತೋರಿಸಬೇಕಂತೆ.

"ಧರ್ಮಾವರದೋರು ಕಂಪ್ಯೂಟರ್‌ನಾಗೇ ಮಾಡಿ ತೋರಿಸ್ತಾರಂತೆ ಮಂಜುಳಮ್ಮ. ನಿನ್ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡಮ್ಮ, ಬೇಜಾರಿಲ್ಲ."

ಬೇಜಾರಿಲ್ಲವಂತೆ! ಇಡೀ ಮದುವೆ ಆರ್ಡರು ಗಡಿ ದಾಟಿ ಆಂಧ್ರಕ್ಕೆ ಹೋಗುವುದನ್ನು ನೋಡುತ್ತ ಕೂರಲು ನಾನೇನು ಚೆಕ್‌ಪೋಸ್ಟೇ? "ನಾನೂ ಕಂಪ್ಯೂಟರ್‌ನಲ್ಲೇ ತೋರಿಸ್ತೀನಿ" ಎಂದುಬಿಟ್ಟೆ. ಕಂಪ್ಯೂಟರ್‌ನಲ್ಲಿ ಡಿಸೈನ್ ಬರೆಯುವ ತರಬೇತಿ ಆಗಲೇ ಮುಗಿಸಿದ್ದೆ. ಅಲ್ಲೇ ಮಾಡಿದ ನೇರಳೆ ಸೆರಗಿನ ಡಿಸೈನು ಫ್ಲಾಪಿಯಲ್ಲಿತ್ತು. ಇಲ್ಲದ್ದು ಕಂಪ್ಯೂಟರ್ ಒಂದೇ.

ಚಳ್ಳಕೆರೆಯ ಜಾವೀದನ ಅಂಗಡಿಗೆ ಹೋದೆವು. ಹುಡುಗ ಮರ್ಯಾದಸ್ಥ. "ಮೇಡಂ, ಡಿಸೈನ್ ಅಂದ್ರೆ ಹೆವಿ ಕೆಲಸ. ರ‍್ಯಾಮ್ ಜಾಸ್ತಿ ಬೇಕು, ಹಾರ್ಡ್ ಡಿಸ್ಕ್ ದೊಡ್ಡದು ಬೇಕು. ಮಾನಿಟರ್ ಹದಿನೇಳು ಇಂಚಿಗೆ ಕಮ್ಮಿ ಬೇಡವೇ ಬೇಡ" ಎಂದ. ನಾನು ಓದಿದ ಕಾನ್ವೆಂಟಿನಲ್ಲಿ ಮಾನಿಟರ್ ಎಂದರೆ ಕನ್ನಡ ಮಾತಾಡಿದವರ ಮೇಲೆ ಸಿಸ್ಟರಿಗೆ ಚಾಡಿ ಹೇಳುವ ಹುಡುಗಿ. ಅವಳನ್ನು ಯಾರೂ ಇಂಚಿನಲ್ಲಿ ಅಳೆದದ್ದಿಲ್ಲ. ಆದರೂ ಎಲ್ಲ ತಿಳಿದವಳಂತೆ ತಲೆಯಾಡಿಸಿದೆ.

ನಾನು ತಲೆಯಾಡಿಸುತ್ತಿದ್ದರೆ ಯಜಮಾನರು ಸಿಪಿಯು ಡಬ್ಬವನ್ನೇ ಆಡಿಸುತ್ತಿದ್ದರು! ಅವರು ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ಶೇಂಗಾ ದಲ್ಲಾಳಿ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಬೀಜ ಗಟ್ಟಿಯೋ ಜೊಳ್ಳೋ ಎಂದು ಹೇಳುವವರು. ಈಗ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಗಿಟ್ಟುಕೊಂಡಿದ್ದರು.

"ಗಲಗಲ ಅಂತೈತೆ. ಜೊಳ್ಳು!"

"ಅರೆ ಸಾರ್, ಇಳಿಸಿ ಇಳಿಸಿ! ಅದು ಯಾವ್ದೋ ಸ್ಕ್ರೂ ಲೂಸಾಗಿದೆ ಅಷ್ಟೇ!"

"ಸ್ಕ್ರೂ ಲೂಸಾಗಿರೋದು ನಂಗ್ಯಾಕಪ್ಪ? ಮನೇಲೊಂದೈತೆ."

ನಾನು ಕೇಳಿಸದವಳಂತೆ ಜಾವೀದನಿಗೆ ಫ್ಲಾಪಿ ಕೊಟ್ಟೆ. ಅವನು ಮೂರು ಕಂಪ್ಯೂಟರಿನಲ್ಲಿ ನನ್ನ ಸೆರಗನ್ನು ತೆರೆದ. ಸೆರಗು ಒಂದೇ, ಬಣ್ಣ ಮೂರು! ಮೊದಲನೆಯದರಲ್ಲಿ ಬದನೆಕಾಯಿ, ಎರಡನೆಯದರಲ್ಲಿ ಬೂದಿ, ಮೂರನೆಯದರಲ್ಲಿ ಸ್ಕೂಲಿನ ಇಂಕು. ನನಗೆ ಬೇಕಾದದ್ದು ನೇರಳೆ ಹಣ್ಣು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಮ್ಮೂರಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಿ ಸೀರೆ ಕೊಂಡವರು ಉದ್ಧಾರವಾದದ್ದುಂಟೇ?

"ಇದನ್ನ ಬಿಸಿಲಿಗೆ ತಗೊಂಬನ್ನಿ" ಎಂದೆ.

ಜಾವೀದ್ ಯಜಮಾನರ ಮುಖ ನೋಡಿದ. ಅವರು ಆಕಳಿಸಿದರು.

"ಮೇಡಂ, ಇದು ಸೀರೆ ಅಲ್ಲ..."

"ಬಣ್ಣ ಬಣ್ಣಾನೇ ಕಣಪ್ಪ. ಎತ್ತು."

ಅಂಗಡಿಯ ಮುಂದೆ ಪಾಲಮ್ಮನೆಂಬಾಕೆಯ ಬಾಳೆಹಣ್ಣಿನ ತಳ್ಳುಗಾಡಿ ಇತ್ತು. ಹಣ್ಣನ್ನು ಬದಿಗೆ ಸರಿಸಿ, ಒಳಗಿನಿಂದ ವೈರ್ ಎಳೆದು, ಮೂರನೆಯ ಮಾನಿಟರನ್ನು ಗಾಡಿಯ ಮೇಲೆ ಪ್ರತಿಷ್ಠಾಪಿಸಲಾಯಿತು.

"ಯಾವ ಪಿಚ್ಚರಪ್ಪ?" ಎಂದಳು ಪಾಲಮ್ಮ.

ಪಿಚ್ಚರೂ ಇಲ್ಲ, ಸೆರಗೂ ಇಲ್ಲ! ಚಳ್ಳಕೆರೆಯ ಬಿಸಿಲು ಬಿದ್ದದ್ದೇ ಗಾಜು ಕಪ್ಪಗಾಯಿತು. ಅದರೊಳಗೆ ನಾನು, ಯಜಮಾನರು, ಹಿಂದೆ ನೆರೆದ ಜನ, ಬಾಳೆಹಣ್ಣು. ಪಾಲಮ್ಮ ಬಗ್ಗಿ ನೋಡಿ ತನ್ನ ಕುಂಕುಮ ಸರಿ ಮಾಡಿಕೊಂಡಳು.

"ಬಣ್ಣ ಹೋಗ್ಬಿಡ್ತು!" ಎಂದು ಚೀರಿದೆ.

"ಒಂದೇ ಬಿಸಿಲಿಗೆ ಬಣ್ಣ ಬಿಡೋ ಮಾಲು. ನಡಿ, ಬಸ್ ಹಿಡಿಯಾಣ" ಎಂದರು ಯಜಮಾನರು.

ಬಸ್ಸು ತಾನಾಗಿಯೇ ಬಂತು. ಜನ ರಸ್ತೆಗಿಳಿದಿದ್ದರಿಂದ ಮುಂದೆ ಹೋಗಲಾಗದೆ ಹಾರನ್ ಬಾರಿಸಿತು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು, "ಏನ್ರೀ, ಟೀವಿ ಮೆರವಣಿಗೆನಾ?" ಎಂದು ಕೂಗಿದ. ಜಾವೀದ್ ಬೆವರೊರೆಸಿಕೊಂಡು, "ನೆರಳು ಬೇಕು ಮೇಡಂ, ಮೇಲೆ ಏನಾದ್ರೂ ಹೊದಿಸಿ" ಎಂದ. ಚೀಲದಲ್ಲಿ ಫಾಲ್ ಹಾಕಿಸಲು ತಂದಿದ್ದ ನನ್ನ ಮೆರೂನ್ ಸೀರೆ ಇತ್ತು. ಅದನ್ನೇ ಮಾನಿಟರಿನ ಮೇಲೆ ಡೇರೆಯಂತೆ ಹರಡಿ, ಹಳೆಯ ಕಾಲದ ಫೋಟೋಗ್ರಾಫರನಂತೆ ತಲೆ ಒಳಗೆ ತೂರಿಸಿದೆ.

ಏನೆಂದು ಹೇಳಲಿ! ನೇರಳೆ! ಆಗ ತಾನೇ ಮರದಿಂದ ಉದುರಿದ, ಬಾಯಿಗೆ ಹಾಕಿಕೊಂಡರೆ ನಾಲಿಗೆ ಬಣ್ಣವಾಗುವಂಥ ನೇರಳೆ!

"ಇದೇ! ಇದನ್ನೇ ಕಟ್ಟು!" ಎಂದು ಸೀರೆಯೊಳಗಿನಿಂದಲೇ ಆಜ್ಞಾಪಿಸಿದೆ.

"ಕಲರ್ ಪ್ರಿಂಟರ್ ಬೇಡ್ವಾ ಮೇಡಂ?"

"ಕಣ್ಣಿಗೇ ಇಷ್ಟು ಚೆನ್ನಾಗಿ ಕಾಣ್ತಿರುವಾಗ ಕಾಗದ ಯಾಕೆ?"

ಅಷ್ಟು ಭಾರದ್ದನ್ನು ಬಸ್ಸಿನಲ್ಲಿ ಯಜಮಾನರ ತೊಡೆಯ ಮೇಲಿಟ್ಟು ಊರಿಗೆ ತಂದೆವು. ಅದನ್ನು ಇಳಿಸಿದ ಮೇಲೂ ಅವರು ಬಹಳ ಹೊತ್ತು ಅದನ್ನು ಹೊತ್ತವರ ಹಾಗೆಯೇ ನಡೆಯುತ್ತಿದ್ದರು. ಭಾನುವಾರವಿಡೀ ಕರೆಂಟ್ ಇರಲಿಲ್ಲ. ಸೋಮವಾರ ಬೆಳಿಗ್ಗೆ ಬಂತು. ಪೂಜೆ ಮಾಡಿ ಸ್ವಿಚ್ ಒತ್ತಿ ಡಿಸೈನ್ ತೆರೆದೆ.

ಸ್ಕೂಲಿನ ಇಂಕು!

"ಮೋಸ! ಜಾವೀದ್ ಬೇರೆ ಕೊಟ್ಟಿದ್ದಾನೆ ಕಣ್ರೀ!"

ಯಜಮಾನರು ಕಾಫಿ ಲೋಟ ಕೆಳಗಿಟ್ಟು ನಿಧಾನವಾಗಿ ಹೇಳಿದರು: "ಕೆಂಪು ಸೀರೆಯೊಳಗೆ ತಲೆ ಹಾಕಿ ನೋಡಿದ್ರೆ ನಾನೂ ಕೆಂಪಗೆ ಕಾಣ್ತೀನಿ."

ಹೌದಲ್ಲ! ಇಂಕಿಗೆ ಮೆರೂನ್ ಬೆರೆತು ನೇರಳೆಯಾಗಿತ್ತು. ಹೋಗಲಿ, ಡಿಸೈನಿನಲ್ಲೇ ಬಣ್ಣ ಬದಲಿಸೋಣವೆಂದು ಕುಳಿತರೆ ಹೊರಗೆ ಜೀಪು ನಿಂತ ಸದ್ದು. ಹೊನ್ನೂರಸ್ವಾಮಿ!

ಬೇರೆ ದಾರಿ ತೋಚಲಿಲ್ಲ. ಮಾನಿಟರನ್ನು ಕಿಟಕಿಯ ಬಿಸಿಲಿಗೆ ತಿರುಗಿಸಿ ಮೆರೂನ್ ಸೀರೆ ಹೊದಿಸಿದೆ. "ಬನ್ನಿ ಅಣ್ಣ, ತಲೆ ಒಳಗೆ ಹಾಕಿ ನೋಡಿ. ಇದು ಹೊಸ ಪದ್ಧತಿ."

"ಅಯ್ಯಯ್ಯೋ, ಹೆಣ್ಮಕ್ಕಳ ಸೀರೆಯೊಳಗೆ ತಲೆ ಹಾಕೋದಾ! ನೋಡ್ದೋರು ಏನಂತಾರಮ್ಮ?"

ಕೊನೆಗೆ ಮರ್ಯಾದೆ ಕಾಯಲು ಯಜಮಾನರೂ ಜೊತೆಗೆ ತಲೆ ಹಾಕಿದರು. ಇಬ್ಬರು ದೊಡ್ಡಮನುಷ್ಯರು ಸೊಂಟ ಬಗ್ಗಿಸಿ ಸೀರೆಯೊಳಗೆ ನಿಂತರು. ನಾನು ಹೊರಗೆ ಸೀರೆ ಜಾರದಂತೆ ಹಿಡಿದು ನಿಂತೆ. ಒಳಗಿನಿಂದ ಕೇಳಿಸಿದ ಮೊದಲ ಮಾತು: "ಶೇಂಗಾ ರೇಟು ಹೆಂಗೈತೆ ಜಂಬುಲಿಂಗಪ್ಪ?" ಆಮೇಲೆ, "ಬಾಗುಂದಮ್ಮಾ! ಚಾಲಾ ಬಾಗುಂದಿ!"

ಹೊನ್ನೂರಸ್ವಾಮಿಯವರಿಗೆ ಖುಷಿಯಾದರೆ ಬಾಯಿಗೆ ತೆಲುಗು ಬರುತ್ತದೆ. ಆರ್ಡರು ಉಳಿಯಿತು! ಧರ್ಮಾವರ ಸೋತಿತು! ನಾನು ಕಾಫಿ ತರಲು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವರು ಮಾನಿಟರನ್ನು ಸೀರೆ ಸಮೇತ ತಬ್ಬಿಕೊಂಡು ಬಾಗಿಲು ದಾಟುತ್ತಿದ್ದರು. ಹಿಂದೆ ಡ್ರೈವರ್, ಸಿಪಿಯು ಡಬ್ಬ ಹಿಡಿದುಕೊಂಡು.

"ಅಣ್ಣಾ, ಎಲ್ಲಿಗೆ?"

"ಬಳ್ಳಾರಿಗೆ. ಮದುವೆ ಮನೆಯೋರಿಗೆ ಸ್ಯಾಂಪಲ್ ತೋರಿಸಬ್ಯಾಡ್ವಾ?"

"ಅದು ಸ್ಯಾಂಪಲ್ ಅಲ್ಲಣ್ಣ, ಕಂಪ್ಯೂಟರು!"

"ಇಷ್ಟು ದಿನ ಗ್ರಾಫ್ ಹಾಳೆ ಒಯ್ತಿದ್ದೆ. ಈಗ ನೀನು ಇದ್ರಾಗೆ ಮಾಡಿದೀಯ, ಇದನ್ನ ಒಯ್ತೀನಿ. ಇಲ್ಲ, ಕಾಗದದ ಮ್ಯಾಲೆ ಐತೇನು, ಕೊಡು."

ಕಾಗದದ ಮೇಲೆ ಇರಲಿಲ್ಲ. ಪ್ರಿಂಟರ್ ಬೇಡವೆಂದವಳು ನಾನೇ. ಯಜಮಾನರತ್ತ ನೋಡಿದೆ. ಅವರು ಆಗಲೇ ಜೀಪಿನ ಹಿಂದೆ ನಿಂತು ಹಗ್ಗ ಬಿಗಿಯುತ್ತಿದ್ದರು.

"ವಾಪಸ್ ಯಾವಾಗ ಕೊಡ್ತೀರಿ?" ಎಂದೆ, ಸಣ್ಣ ದನಿಯಲ್ಲಿ.

"ಸ್ಯಾಂಪಲ್ ವಾಪಸ್ ಕೊಡೋದಾ? ಇದುವರೆಗೂ ಒಂದು ಹಾಳೆನಾದ್ರೂ ವಾಪಸ್ ಕೇಳಿದೀಯಾ ನೀನು?"

ಕೇಳಿರಲಿಲ್ಲ. ವ್ಯಾಪಾರದಲ್ಲಿ ಹಾಗೆ ಕೇಳುವ ಪದ್ಧತಿಯೇ ಇಲ್ಲ. ಜೀಪು ಸ್ಟಾರ್ಟ್ ಆಯಿತು. ಹೊನ್ನೂರಸ್ವಾಮಿಯವರು ಹೊರಗೆ ತಲೆ ಹಾಕಿ, ಮನಸಾರೆ ಮೆಚ್ಚಿಕೊಂಡು ಹೇಳಿದರು:

"ಕೆಲಸ ಅಂದ್ರೆ ಇದು ಮಂಜುಳಮ್ಮ! ಮುಂದಿನ ಸಲ ಇಂಥವು ಎರಡು ಮಾಡಿಡು. ದಾವಣಗೆರೆಗೂ ಒಂದು ಕಳಿಸ್ಬೇಕು!"