ತಿಕೋಟಾ ಬಸ್ಸಿನಲ್ಲಿ ದೊಡ್ಡ ಪ್ರಶ್ನೆ

ದೊಡ್ಡ ಪ್ರಶ್ನೆಗಳ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿದೆ. ಅವುಗಳಿಗೆ ಉತ್ತರವಿಲ್ಲದ್ದರಿಂದಲೇ ನನ್ನಂಥ ತರ್ಕಶಾಸ್ತ್ರದ ಮಾಸ್ತರನ ಸಂಬಳ ನಡೆಯುತ್ತದೆ. ಆದರೆ ಈಚೆಗೆ ಯಾರಾದರೂ ಗಂಟಲು ಸರಿಪಡಿಸಿಕೊಂಡು "ಜೀವನದ ಅರ್ಥ..." ಎಂದು ಶುರುಮಾಡಿದರೆ ಸಾಕು, ನನ್ನ ಕೈ ತಾನಾಗಿಯೇ ಮುಂದಿನ ಸೀಟಿನ ಕಂಬಿಯನ್ನು ಹುಡುಕುತ್ತದೆ. ಮನೆಯಲ್ಲಿ ಕಂಬಿ ಎಲ್ಲಿಂದ ಬರಬೇಕು? ಹೆಂಡತಿಯ ಸೆರಗೋ ಊಟದ ತಾಟೋ ಸಿಗುತ್ತದೆ.

ಇದಕ್ಕೆಲ್ಲ ಕಾರಣ ನಮ್ಮ ಪ್ರಿನ್ಸಿಪಾಲರು. ಧಾರವಾಡದ ಯಾವುದೋ ವಿಚಾರ ಸಂಕಿರಣಕ್ಕೆ ಹೋಗಿ ಬಂದವರೇ, ವಿಜಾಪುರದ ನಮ್ಮ ಕಾಲೇಜಿನ ಬಾಗಿಲಲ್ಲಿ ಕರಿಹಲಗೆ ನಿಲ್ಲಿಸಿ, ಪ್ರತಿ ಸೋಮವಾರ ಒಂದು ದೊಡ್ಡ ಪ್ರಶ್ನೆ ಬರೆಸತೊಡಗಿದರು. ವಾರವಿಡೀ ಎಲ್ಲರೂ ಎಲ್ಲೆಡೆಯೂ ಅದನ್ನೇ ಚರ್ಚಿಸಬೇಕು. ಕ್ಯಾಂಟೀನಿನಲ್ಲಿ ಚಹಾ ಆರತೊಡಗಿತು. ನನ್ನ ರಜೆಯ ಅರ್ಜಿ ಎಲ್ಲಿಗೆ ಬಂತೆಂದು ವಿಚಾರಿಸಿದರೆ ಹೆಡ್ ಕ್ಲಾರ್ಕು, "ಸರ, ಕಾಲ ಅನ್ನೂದು ಖರೇನ ಐತೇನ್ರಿ?" ಎಂದರು. ಹಾಸ್ಟೆಲಿನ ಹುಡುಗನೊಬ್ಬ "ನಳಕ್ಕ ನೀರು ಯಾವಾಗ ಬರ್ತಾವ್ರಿ?" ಎಂದು ಕೇಳಿದಾಗ ಪ್ರಿನ್ಸಿಪಾಲರು ನೊಂದುಕೊಂಡರು. "ತಮ್ಮಾ, ಒಂದ ಉತ್ತರ ಇರೋ ಪ್ರಶ್ನೆ ಕೇಳಬ್ಯಾಡ." ನೀರು ಬರಲಿಲ್ಲ, ಆ ಪ್ರಶ್ನೆಯೂ ಕ್ರಮೇಣ ದೊಡ್ಡದಾಯಿತು.

ಚರ್ಚೆ ಸಮಾಜಕ್ಕೂ ಮುಟ್ಟಬೇಕೆಂಬ ಆಜ್ಞೆ ಹೊರಟಿತು. ನನ್ನ ಪಾಲಿನ ಸಮಾಜವೆಂದರೆ ನಾನು ದಿನವೂ ತಿಕೋಟಾದಿಂದ ಹತ್ತುವ ಬಸ್ಸು. ಆ ವಾರದ ಪ್ರಶ್ನೆ, "ಆಗುವುದೆಲ್ಲ ಮೊದಲೇ ನಿಶ್ಚಯವಾಗಿದೆಯೇ?" ಡ್ರೈವರ್ ಶಿವಲಿಂಗಪ್ಪನ ಬೆನ್ನಿಗೆ ಅದನ್ನು ಎಸೆದು, ಕರ್ತವ್ಯ ಮುಗಿಯಿತೆಂದು ನಾನು ಕಣ್ಣುಮುಚ್ಚಿದೆ.

"ನಿಶ್ಚಯ ಆಗೇತ್ರಿ ಸರ," ಎಂದ ಆತ. "ಎಲ್ಲಾ ಬರದಿಟ್ಟಾನ ಮ್ಯಾಲಿನವ."

ಟಿಕೀಟು ಹರಿಯುತ್ತಿದ್ದ ಕಂಡಕ್ಟರ್ ಮೌಲಾಸಾಬ ಸುಮ್ಮನಿರಲಿಲ್ಲ. "ಹಂಗಾದ್ರ ಬಸ್ಸು ತಾನ ಹೋಗತೈತಿ, ನೀ ಯಾಕ ಕುಂತೀಯಲೇ ಅಲ್ಲಿ?"

ಈ ಮಾತು ನಾಟಿತು. ನಾನು ಕಣ್ಣು ತೆರೆಯುವಷ್ಟರಲ್ಲಿ ಶಿವಲಿಂಗಪ್ಪ ಪೂರ್ತಿ ಹಿಂದಕ್ಕೆ ತಿರುಗಿದ್ದ. "ಹೋಗತೈತಿ. ನೋಡ," ಎಂದು ಸ್ಟೇರಿಂಗ್ ಬಿಟ್ಟು ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡ.

ಬಸ್ಸು ನಿಜವಾಗಿಯೂ ಹೋಗುತ್ತಿತ್ತು. ಎದುರಿಗೆ ಜೋಳದ ಒಣ ದಂಟಿನ ಕಣಕಿ ಹೇರಿಕೊಂಡ ಎತ್ತಿನ ಗಾಡಿಯೂ ಬರುತ್ತಿತ್ತು. ಎತ್ತುಗಳ ಕಣ್ಣುಗಳು ಈಗಲೂ ನನಗೆ ಕಾಣುತ್ತವೆ. ಅವು ಯಾವ ಪಕ್ಷಕ್ಕೂ ಸೇರಿದಂತಿರಲಿಲ್ಲ. ಪಕ್ಕದಲ್ಲಿದ್ದ ಘೋಣಸಗಿ ಊರಿನ ಅಜ್ಜಿ ಬದನೆಕಾಯಿಯ ಬುಟ್ಟಿಯನ್ನು ಅವಚಿಕೊಂಡಳು. ನಾನು ವರ್ಷಗಟ್ಟಲೆ ಕಲಿಸಿದ ವಾದಗಳೆಲ್ಲ ಅಳಿಸಿಹೋಗಿ "ಹಿಡಿಯಪ್ಪಾ" ಎಂಬ ಒಂದೇ ಶಬ್ದ ಉಳಿಯಿತು. ಮೌಲಾಸಾಬ ಹಾರಿ ಬಂದು ಸ್ಟೇರಿಂಗ್ ಜಗ್ಗಿದ. ಕಿಟಕಿಯಿಂದ ಒಂದು ಹಿಡಿ ಕಣಕಿ ನನ್ನ ಮಡಿಲಿಗೆ ಬಿತ್ತು. ಬಸ್ಸು ಯಾರದೋ ಹೊಲಕ್ಕಿಳಿದು ನಿಂತಿತು.

ಆಮೇಲೆ ಶಿವಲಿಂಗಪ್ಪ ಶಾಂತವಾಗಿ ಹೇಳಿದ, "ಉಳೀಬೇಕಂತ ಬರದಿತ್ತು, ಉಳದ್ವಿ."

"ನಾ ಜಗ್ಗೀನಿ ಅಂತ ಉಳದೀ ಲೇ."

"ನೀ ಜಗ್ಗೂದೂ ಬರದಿತ್ತು."

ಇಬ್ಬರೂ ನನ್ನ ಕಡೆ ತಿರುಗಿದರು. "ನೀವ ಹೇಳ್ರಿ ಸರ."

"ಅವ್ರನ್ನ ಕೇಳಬ್ಯಾಡ್ರೋ ಯಪ್ಪಾ," ಎಂದಳು ಅಜ್ಜಿ. "ಅವ್ರಿಂದನ ಸುರು ಆಗೇತಿ ಇದು."

ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಹೇಳಿದೆ. ಅವರ ಮುಖ ಅರಳಿತು. "ಭೇಷ್. ಸಮಾಜಕ್ಕ ಮುಟ್ಟಿತು ನೋಡ್ರಿ."

ಈಗ ನಾನು ಕೊನೆಯ ಸೀಟಿನಲ್ಲಿ ಕೂಡುತ್ತೇನೆ. ಆದರೂ ಮೊನ್ನೆ ಸೋಮವಾರ ಶಿವಲಿಂಗಪ್ಪ ಕನ್ನಡಿಯಲ್ಲಿ ನನ್ನನ್ನು ಹುಡುಕಿ, "ಸರ, ಈ ವಾರದ ಪ್ರಶ್ನೆ ಏನ್ರಿ?" ಎಂದು ಕೂಗಿದ. ಅವನ ತಲೆ ಇನ್ನಷ್ಟು ತಿರುಗುವ ಮೊದಲೇ ನಾನು, "ಪ್ರಶ್ನೆ ಇಲ್ಲಪ್ಪಾ, ಹಲಗಿ ಒಡದೈತಿ. ನೀ ಮುಂದ ನೋಡು," ಎಂದೆ.

ಕಾಲೇಜಿಗೆ ಬಂದರೆ ಹಲಗೆ ಗಟ್ಟಿಮುಟ್ಟಾಗಿ ನಿಂತಿತ್ತು. ಅದರ ಮೇಲೆ ಹೊಸ ಪ್ರಶ್ನೆ: "ಸತ್ಯವನ್ನು ಎಲ್ಲ ಸಂದರ್ಭಗಳಲ್ಲೂ ಹೇಳಬೇಕೇ?" ಚರ್ಚೆಯನ್ನು ನಾನೇ ಆರಂಭಿಸಬೇಕೆಂದು ಪ್ರಿನ್ಸಿಪಾಲರು ಒತ್ತಾಯಿಸಿದರು. ಆರಂಭಿಸಿದೆ. ಸತ್ಯದ ಪರವಾಗಿ ಅರ್ಧ ತಾಸು ಮಾತಾಡಿ, ಸಂಜೆ ಅದೇ ಬಸ್ಸು ಹತ್ತಿದೆ.