ದೃಷ್ಟಿಬೊಟ್ಟಿಟ್ಟ ಅರ್ಜಿ

ಅರ್ಜಿ ಬರೆಯುವುದು ಕಷ್ಟದ ಕೆಲಸವೆಂದು ನನಗೆ ಎಂದೂ ಅನಿಸಿರಲಿಲ್ಲ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಮಧುಗಿರಿಗೆ ಮರಳಿದ ಮೇಲೆ ನಮ್ಮ ಬೀದಿಯವರ ಅರ್ಜಿಗಳನ್ನೆಲ್ಲ ನಾನೇ ಬರೆದುಕೊಡುತ್ತಿದ್ದೆ. ಯುದ್ಧ ಮುಗಿದು ಹಡಗುಗಳು ಮತ್ತೆ ಓಡಾಡತೊಡಗಿದಾಗ, ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ನನ್ನ ಅರ್ಜಿಯನ್ನೇ ಬರೆಯಲು ಕುಳಿತೆ. ತೌಲನಿಕ ಸಾಹಿತ್ಯದಲ್ಲಿ ಡಾಕ್ಟರೇಟ್ ಮಾಡಬೇಕೆಂಬುದು ನನ್ನ ಉದ್ದೇಶ. ಮಧುಗಿರಿಯ ತಾಯಂದಿರು ಕನ್ನಡದಲ್ಲಿ ಜೋಗುಳ ಹಾಡುತ್ತಾರೆ. ಪಾವಗಡದ ಕಡೆ ಹೋದರೆ ಅದೇ ಜೋಗುಳ ಅರ್ಧ ತೆಲುಗಾಗುತ್ತದೆ. ಇವನ್ನು ದೂರದೇಶಗಳ ಜೋಗುಳಗಳ ಪಕ್ಕದಲ್ಲಿಟ್ಟು ನೋಡಬೇಕೆಂಬ ಆಸೆ ನನ್ನ ನಿದ್ದೆಗೆಡಿಸಿತ್ತು.

ಅಪ್ಪನಿಗೆ ಜವಳಿ ಅಂಗಡಿ. ಅವರದು ವ್ಯಾಪಾರಸ್ಥರ ಕರಾರು. "ಅವ್ರು ಸೇರಿಸ್ಕೊಂಡು ಓದಿಸ್ತೀವಿ ಅಂದ್ರೆ ಹೋಗವ್ವ, ನಾನು ತಡೆಯಾಕಿಲ್ಲ. ಆದ್ರೆ ಒಂದೇ ಸಲ. ಆಗ್ಲಿಲ್ಲ ಅಂದ್ರೆ ಮತ್ತೆ ಆ ಮಾತು ಎತ್ತಬಾರ್ದು."

ಒಂದೇ ಸಲ ಸಾಕು ಎಂದೆ. ಅಷ್ಟು ಧೈರ್ಯ!

ನಮೂನೆ ತರಿಸಿಕೊಟ್ಟ ಮೈಸೂರಿನ ಪ್ರಾಧ್ಯಾಪಕರು, "ನಿನ್ನ ಬಗ್ಗೆ ಧಾರಾಳವಾಗಿ ಬರೆ" ಎಂದು ಹೇಳಿ ಕಳುಹಿಸಿದ್ದರು. ಧಾರಾಳವಾಗಿಯೇ ಬರೆದೆ. ಸಂಜೆ ಅಪ್ಪನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ: "ಈ ಸೀಮೆಯ ಜೋಗುಳಗಳ ವಿಷಯದಲ್ಲಿ ನನ್ನಷ್ಟು ಶ್ರಮಪಟ್ಟವರು ಬೇರೆ ಯಾರೂ ಇಲ್ಲ."

ಅಪ್ಪ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಇದ್ನ ಬರ್ದೋರು ಯಾರು?"

"ನಾನೇ ಅಪ್ಪ."

"ಯಾರ ಬಗ್ಗೆ?"

"ನನ್ನ ಬಗ್ಗೆ."

"ಅಯ್ಯೋ ಶಿವನೆ! ನಮ್ಮಂಗಡಿ ಸೀರೇನೇ ನಾನು ಇಂಗೆ ಹೊಗಳಾಕಿಲ್ವಲ್ಲವ್ವಾ!"

ನಿಜ ಹೇಳಬೇಕೆಂದರೆ ನನಗೂ ನಾಚಿಕೆಯಾಗಿತ್ತು. ನಮ್ಮಲ್ಲಿ ಎಂಥ ಪಂಡಿತರಾದರೂ ತಪ್ಪುಗಳನ್ನು ಮನ್ನಿಸಬೇಕೆಂದು ಬೇಡಿಕೊಂಡೇ ಬಾಯಿ ತೆರೆಯುತ್ತಾರೆ. ನಾನು ಯಾವ ಮಹಾ? ಹಾಳೆ ಹರಿದು ಹೊಸದಾಗಿ ಬರೆದೆ. "ನಾನು ಅಲ್ಪಮತಿ. ಸಾಹಿತ್ಯವೆಂಬ ಸಾಗರದ ದಡದಲ್ಲಿ ನಿಂತು ಪಾದ ತೋಯಿಸಿಕೊಂಡವಳೂ ಅಲ್ಲ. ಈ ಅರ್ಜಿಯಲ್ಲಿ ಗುಣವೇನಾದರೂ ಕಂಡರೆ ಅದು ಗುರುಗಳದು, ದೋಷಗಳೆಲ್ಲ ನನ್ನವು." ಇಂಗ್ಲಿಷಿನಲ್ಲಿ ಅದು ಎಷ್ಟು ಚೆನ್ನಾಗಿ ಬಂದಿತೆಂದರೆ, ಓದಿಕೊಂಡು ನನ್ನ ಕಣ್ಣೇ ಒದ್ದೆಯಾಯಿತು.

ಮುಂದಿನದು ಶಿಫಾರಸು ಪತ್ರ. ನನಗೆ ಅಕ್ಷರ ಕಲಿಸಿದ, ಈಗ ನಿವೃತ್ತರಾಗಿರುವ ಹೆಡ್ಮಾಸ್ತರು ಮನೆಗೇ ಬಂದು ಬರೆಯಲು ಕುಳಿತರು. ನಡುಮನೆಯ ಬಾಗಿಲಿಂದ ನಮ್ಮಜ್ಜಿ ಇಣುಕಿದರು.

"ಮೇಷ್ಟ್ರೆ, ಬಾಳ ಹೊಗಳಬ್ಯಾಡಿ. ಕಾಗ್ದ ಸಮುದ್ರ ದಾಟಿ ಹೋಯ್ತದೆ. ದಾರಿಯಾಗೆ ಯಾರ್ಯಾರ ಕಣ್ಣು ಬೀಳ್ತದೋ!"

"ಅದೂ ಸರಿ ಕಣಮ್ಮ. ಒಂದೆರಡು ದೋಷ ಸೇರಿಸ್ತೀನಿ ಬಿಡಿ. ಮಗು ಕೆನ್ನೆಗೆ ಬೊಟ್ಟಿಟ್ಟ ಹಾಗೆ."

ಬರೆದು, ಗಂಭೀರವಾಗಿ ಓದಿದರು: "ಹುಡುಗಿ ತಕ್ಕಮಟ್ಟಿಗೆ ಓದಿದ್ದಾಳೆ. ಸ್ವಲ್ಪ ಮೊಂಡು. ನೆನಪು ಅಷ್ಟಕ್ಕಷ್ಟೆ."

"ಹೇಗಿದೆಯಮ್ಮ?"

"ತುಂಬ ಚೆನ್ನಾಗಿದೆ ಸಾರ್" ಎಂದು ಕಾಲಿಗೆ ನಮಸ್ಕಾರ ಮಾಡಿದೆ.

ಲಕೋಟೆ ಅಂಟಿಸುವ ಮುನ್ನ ಅಜ್ಜಿ ಅರ್ಜಿಯನ್ನು ದೇವರ ಮುಂದೆ ಇಡಿಸಿದರು. ತೆಗೆದುಕೊಳ್ಳಲು ಹೋದಾಗ ಅರ್ಜಿಗೆ ಅಂಟಿಸಿದ್ದ ನನ್ನ ಭಾವಚಿತ್ರದ ಎಡಗೆನ್ನೆಯ ಮೇಲೆ ಕಾಡಿಗೆಯ ಬೊಟ್ಟು ಕುಳಿತಿತ್ತು. ಶುಭ್ರವಾದ ಅರ್ಜಿ ಕಳಿಸಬೇಕೆಂಬ ಹಟ ನನಗೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಬೊಟ್ಟು ಹರಡಿತು. ಇನ್ನಷ್ಟು ಒರೆಸಿದೆ. ಕೆನ್ನೆ ಹೋಯಿತು! ಇನ್ನೊಂದು ಚಿತ್ರಕ್ಕೆ ತುಮಕೂರಿಗೆ ಹೋಗಬೇಕು. ಟಪಾಲು ಹೊರಡುವುದು ಅಂದೇ. "ಮುಖದ ಈ ದೋಷ ತಾತ್ಕಾಲಿಕ" ಎಂದು ಚಿತ್ರದ ಕೆಳಗೆ ವಿನಯದಿಂದ ಬರೆದು ಕಳಿಸಿದೆ.

ಎಷ್ಟೋ ತಿಂಗಳ ಮೇಲೆ ಉತ್ತರ ಬಂತು. ಅಪ್ಪ ಅಂಗಡಿ ಬಿಟ್ಟು ಓಡಿ ಬಂದರು. ನಾನು ನಿಂತುಕೊಂಡೇ ಕನ್ನಡದಲ್ಲಿ ಓದಿ ಹೇಳಿದೆ: "ಅರ್ಜಿದಾರರು ತಮ್ಮ ಅನರ್ಹತೆಯನ್ನು ಬಹಳ ಸೊಗಸಾದ ಇಂಗ್ಲಿಷಿನಲ್ಲಿ ನಮಗೆ ಮನಗಾಣಿಸಿದ್ದಾರೆ. ಅವರ ಗುರುಗಳೂ ಅದನ್ನು ಸಮರ್ಥಿಸಿದ್ದಾರೆ. ಇಬ್ಬರ ಅಭಿಪ್ರಾಯವನ್ನೂ ನಾವು ಗೌರವಿಸುತ್ತೇವೆ. ಕೆನ್ನೆ ಬೇಗ ವಾಸಿಯಾಗಲಿ."

ಅಪ್ಪ ಕಾಗದವನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಲ್ಲ ಕಣವ್ವ, ನಾನು ದಡ್ಡಿ ಅಂತ ನೀನಂದ್ರೆ ಅವ್ರು ನಂಬ್ಬುಡೋದಾ? 'ಹಂಗನ್ಬ್ಯಾಡಮ್ಮ, ನೀನು ಜಾಣೆ' ಅನ್ಬೇಕಲ್ವಾ! ಅಷ್ಟೂ ತಿಳೀದಾ ಆ ಜನಕ್ಕೆ?"

ಆ ಜನಕ್ಕೆ ತಿಳಿಯದಿರುವುದು ಸಹಜ. ತಿಳಿಯಬೇಕಾಗಿದ್ದವಳು ನಾನು. ಎರಡು ದೇಶಗಳ ಸಾಹಿತ್ಯ ತೂಗಲು ಹೊರಟವಳು ಎರಡು ದೇಶಗಳ ಮರ್ಯಾದೆಯನ್ನು ತೂಗಿ ನೋಡಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಬರೆದಿಟ್ಟ ಜೋಗುಳಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಕರಾರು ಕರಾರೇ, ಆ ಮಾತನ್ನು ಮತ್ತೆ ಎತ್ತಲಿಲ್ಲ.

ನನ್ನ ಮುಖ ನೋಡಲಾರದೆ ಅಪ್ಪನೇ ಒಂದು ದಾರಿ ಹುಡುಕಿದರು. ಶಿರಾದ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿ ಬೇಕಾಗಿತ್ತು, ಅಲ್ಲಿಗೆ ಕರೆದುಕೊಂಡು ಹೋದರು. ಈ ಸಲ ನಾನು ಪಾಠ ಕಲಿತಿದ್ದೆ. ಶಾಲೆಯ ಯಜಮಾನರಾದ ವೃದ್ಧ ಸಾಹೇಬರು "ಹೇಳಮ್ಮ, ನಿಮಗೇನೇನು ಬರ್ತದೆ?" ಎಂದು ಕೇಳಿದ್ದೇ ತಡ, ಎದ್ದು ನಿಂತು ಹೇಳಿದೆ. ನನ್ನ ಇಂಗ್ಲಿಷ್, ನನ್ನ ಸಂಸ್ಕೃತ, ನನ್ನ ಬುದ್ಧಿ, ನನ್ನ ಜ್ಞಾಪಕಶಕ್ತಿ! ಇಂಥವಳು ಈ ಸೀಮೆಗೆ ಸಿಕ್ಕಿದ್ದೇ ಹೆಚ್ಚು ಎಂಬ ಅರ್ಥ ಬರುವಂತೆ ಮುಗಿಸಿದೆ. ಮೂಲೆಯಲ್ಲಿದ್ದ ಅಪ್ಪ ನೆಲ ನೋಡುತ್ತಿದ್ದರು.

"ವಾಹ್, ಬೇಟಿ!" ಎಂದರು ಸಾಹೇಬರು. "ತಾರೀಫೆಲ್ಲ ನೀವೇ ಮಾಡ್ಕೊಂಡ್ಬುಟ್ರಿ, ನಮ್ಗೆ ಒಂದ್ಮಾತೂ ಉಳಿಸ್ಲಿಲ್ಲ. ಇಷ್ಟು ದೊಡ್ಡೋರ್ನ ಕೂರ್ಸೋ ಅಂಥ ಕುರ್ಚಿ ನಮ್ ಇಸ್ಕೂಲ್ನಾಗೆ ಇಲ್ಲ."

ಅತ್ಯಂತ ಗೌರವದಿಂದ ಬಸ್ಸಿನವರೆಗೂ ಬಂದು ಕಳಿಸಿಕೊಟ್ಟರು.

ಮನೆಯಲ್ಲಿ ಅಜ್ಜಿ ಕಾಯುತ್ತಿದ್ದರು. "ಏನಂದ್ರೇ?"

"ನಾನು ಬಹಳ ದೊಡ್ಡವಳಂತೆ ಅಜ್ಜಿ."

"ಆಗ್ಲೇಳು ದೊಡ್ಡೋಳೆ, ರಾತ್ರಿ ಮುದ್ದೆಗೆ ಹಿಟ್ಟಿಲ್ಲ. ಬಂದು ರಾಗಿ ಬೀಸು."

ಸೆರಗು ಸಿಕ್ಕಿಸಿ ಬೀಸಿದೆ. ಅಜ್ಜಿ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿ ಮುಖ ಸಿಂಡರಿಸಿದರು. ಹಿಟ್ಟಲ್ಲ, ಬರೀ ತರಿ! ಅಮೆರಿಕಕ್ಕೆ ಅಷ್ಟು ದೋಷಗಳನ್ನು ಬರೆದು ಕಳಿಸಿದ್ದೆ. ನನ್ನಲ್ಲಿ ನಿಜವಾಗಿ ಇದ್ದ ದೋಷವೊಂದನ್ನು ಬರೆಯುವುದೇ ಬಿಟ್ಟುಹೋಗಿತ್ತು.